ಮಂಗಳವಾರದ ಸೀಸೆ

ಜೂನ್ 4

ಅಕ್ಕಾ,

ಬಸ್ಸಿಳಿಯುವ ಹೊತ್ತಿಗೆ ಕಾಲು ಊದಿಕೊಂಡಿತ್ತು. ಅದೊಂದು ಬಿಟ್ಟರೆ ಸುಖವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಬುತ್ತಿಯನ್ನು ಅರ್ಧ ದಾರಿಯಲ್ಲೇ ಮುಗಿಸಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಏನಮ್ಮಾ, ಮನೆ ಬಿಟ್ಟ ದುಃಖಕ್ಕೆ ಇಷ್ಟೊಂದು ಹಸಿವಾ?" ಅಂದರು. ನಾಚಿಕೆಯಾಗಿ ಡಬ್ಬಿ ಮುಚ್ಚಿದೆ. ಅಷ್ಟರಲ್ಲಿ ಅದು ಖಾಲಿಯಾಗಿತ್ತು.

ನನಗೆ ಕೊಟ್ಟಿರುವುದು ಮೆಟ್ಟಿಲ ಕೆಳಗಿನ ಕೋಣೆ. ಒಂದು ಮಂಚ, ಗೋಡೆಗೆ ಎರಡು ಮೊಳೆ, ಕಿಟಕಿ ತೆರೆದರೆ ನೀರಿನ ಪೈಪು. ಯಾರಾದರೂ ಮೆಟ್ಟಿಲು ಹತ್ತಿದರೆ ತಲೆಯ ಮೇಲೇ ನಡೆದ ಹಾಗಾಗುತ್ತದೆ. ಆದರೆ ಕೆಲಸದ ಜಾಗ ನೋಡಿದರೆ ನೀನು ಬೆರಗಾಗುತ್ತೀಯ. ಇಷ್ಟು ವರ್ಷ ನಾವು ಹೈಬ್ರಿಡ್ ಬೀಜಕ್ಕೆಂದು ಟೊಮೆಟೊದ ಹೆಣ್ಣು ಗಿಡದ ಹೂವಿಗೆ ಮುಟ್ಟಿಸುತ್ತಿದ್ದ ಪರಾಗದ ಪುಡಿ ಇದೆಯಲ್ಲ, ಅದು ಹೊರಡುವುದು ಇಲ್ಲಿಂದ. ಇಲ್ಲಿರುವುದು ಬರೀ ಪುಡಿಗೆಂದೇ ಬೆಳೆಸುವ ಗಂಡು ಗಿಡಗಳು. ಬೆಳಿಗ್ಗೆ ಹೂ ಕಿತ್ತು, ಒಳಗಿನ ಹಳದಿ ಗೊಂಚಲು ಬಿಡಿಸಿ, ಕಾಗದದ ಮೇಲೆ ಹರಡಿ ಬಲ್ಬಿನ ಕೆಳಗೆ ಒಣಗಿಸಬೇಕು. ಮಾರನೆಯ ದಿನ ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಪುಡಿ ಉದುರುತ್ತದೆ. ಅದನ್ನು ಕಿರುಬೆರಳಿನಷ್ಟು ಸೀಸೆಗಳಲ್ಲಿ ತುಂಬುತ್ತೇವೆ.

ಇಲ್ಲಿ ಎಲ್ಲ ನೋಡಿಕೊಳ್ಳುವ ಮೇಡಂ ಒಳ್ಳೆಯವರು. ದಿನಾ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ತೋರಿಸುತ್ತಾರೆ. ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತಾರಂತೆ.

ನಿನ್ನ ತಂಗಿ

ಇದನ್ನು ಕಾಗದದ ಅಂಚಿನಲ್ಲಿ ಇರುವೆಗಿಂತ ಸಣ್ಣದಾಗಿ ಬರೆಯುತ್ತಿದ್ದೇನೆ, ನಿನ್ನ ಕಣ್ಣಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೇ. ಈ ಕೆಲಸಕ್ಕೆ ಮೇಡಂ ಕೇಳಿದ್ದು ನನ್ನನ್ನಲ್ಲ, ನಿನ್ನನ್ನು. "ನಿಮ್ಮಕ್ಕನಿಗೆ ಹೇಳು" ಎಂದು ಅಲ್ಲಿಯ ಸೂಪರ್‌ವೈಸರ್ ನನ್ನ ಕೈಲಿ ಹೇಳಿ ಕಳಿಸಿದರು. ನಾನು ಹೇಳಲಿಲ್ಲ. "ಅಕ್ಕನಿಗೆ ಹತ್ತಿರದ್ದು ಮಂಜು ಮಂಜು ಕಾಣುತ್ತೆ, ಅಲ್ಲಿಯ ಕೆಲಸ ಆಗಲ್ಲ" ಎಂದು ಅವರಿಗೆ ಹೇಳಿಬಿಟ್ಟೆ. ಕಣ್ಣಿನ ವಿಷಯ ಯಾರಿಗೂ ಹೇಳಬೇಡವೆಂದು ನೀನು ನನ್ನಿಂದ ಮಾತು ತೆಗೆದುಕೊಂಡಿದ್ದೆ. ನೀನು ಓದದಿದ್ದರೂ ಬರೆದೆನಲ್ಲ, ಈಗ ನಿದ್ದೆ ಬಂದೀತು.

ಜೂನ್ 13

ತಂಗೀ,

ಕಾಗದಕ್ಕೇನು ಬರಗಾಲವಾ, ಇಷ್ಟು ಸಣ್ಣದಾಗಿ ಬರೆಯುತ್ತೀಯಲ್ಲ? ಕೈ ಚಾಚಿ ದೂರ ಹಿಡಿದು ಓದಿದೆ. ದೇವರು ಕೈಯನ್ನು ಇನ್ನೊಂದು ಗೇಣು ಉದ್ದ ಕೊಟ್ಟಿದ್ದರೆ ಚೆನ್ನಾಗಿತ್ತು. ಅಂಚಿನಲ್ಲಿ ಏನೋ ಗೀಚಿದ್ದೀಯ, ಪೆನ್ನು ಬರುತ್ತದೋ ಇಲ್ಲವೋ ಎಂದು ನೋಡಿರಬೇಕು ಅಂದುಕೊಂಡು ಬಿಟ್ಟೆ. ನನ್ನ ಅಕ್ಷರ ನೋಡಿ ಕಲಿ. ಒಂದೊಂದೂ ಬದನೆಕಾಯಿಯಷ್ಟಿದೆ.

ನಿನ್ನ ಭಾಗ್ಯ ದೊಡ್ಡದು. ಮೈಕ್ರೋಸ್ಕೋಪಂತೆ, ಮೇಡಂ ಪಕ್ಕದಲ್ಲಿ ಕೂರುವುದಂತೆ! ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ತೆಗೆಯಲು ಚಿಮಟ ಹಿಡಿಯುವುದನ್ನು ನಿನಗೆ ಕಲಿಸಿದ್ದು ಯಾರು? ಮೊದಲ ವಾರ ಮೊಗ್ಗಿನ ಕತ್ತನ್ನೇ ಮುರಿದು ಮುರಿದು ಹಾಕಿ, ಸಾಲಿನ ಕೊನೆಯಲ್ಲಿ ಮೂಗು ಒರೆಸಿಕೊಂಡು ಕೂತಿದ್ದವಳು ಯಾರು? ಮೇಡಂ ನಮ್ಮ ಪಾಲಿಹೌಸಿಗೆ ಬಂದ ದಿನ ಅಷ್ಟು ಹೊತ್ತು ನಿಂತು ನೋಡಿದ್ದು ನನ್ನ ಕೈಯನ್ನು. "ಒಂದು ಮೊಗ್ಗೂ ನೋಯಲಿಲ್ಲ" ಎಂದು ಅವರೇ ಹೇಳಿದರು. ಆಮೇಲೆ ಕರೆಸಿಕೊಂಡದ್ದು ನಿನ್ನನ್ನು. ದೊಡ್ಡವರ ಮನಸ್ಸು ಯಾವಾಗ ಯಾವ ಕಡೆ ವಾಲುತ್ತದೋ. ನನಗೇನೂ ಬೇಜಾರಿಲ್ಲ.

ನಿನ್ನ ಸಾಲಿಗೆ ಹೊಸಬಳು ಬಂದಿದ್ದಾಳೆ. ತಲೆ ತುಂಬ ಗುಂಗುರು ಕೂದಲು, ಅದಕ್ಕೇ ಎಲ್ಲರೂ ಅವಳನ್ನು ಗುಂಗುರು ಅನ್ನುತ್ತಾರೆ. ನೀನು ಹೆಬ್ಬೆರಳಿಗೆ ಹಾಕುತ್ತಿದ್ದ, ಪುಡಿ ತುಂಬುವ ಪುಟ್ಟ ಬಟ್ಟಲಿನ ಉಂಗುರ ಅವಳಿಗೆ ಕೊಟ್ಟರು. ಸರಿಯಾಗಿ ಕೂತಿತು ಬೇರೆ. ಇದಕ್ಕಿಂತ ಹೊಟ್ಟೆ ಉರಿಸಿದ್ದು ಕೇಳು. ಸೀಸೆ ಇಡುವ ಫ್ರಿಜ್ಜಿನ ಬೀಗದ ಕೈ ಏಳು ವರ್ಷ ನನ್ನ ಸೊಂಟದಲ್ಲಿತ್ತಲ್ಲ, ಅದನ್ನೂ ಸೂಪರ್‌ವೈಸರ್ ಅವಳಿಗೇ ಕೊಟ್ಟರು. "ಲೇಬಲ್ ಓದೋ ತೊಂದರೆ ನಿಮಗ್ಯಾಕೆ ಬಿಡಿ" ಅಂದರು. ನಾನು ಓದಲಾರೆ ಎಂದು ಅವರ ಕಿವಿ ಊದಿದವರು ಯಾರೋ. ಆ ನಾಲಿಗೆಗೆ ಹುಣ್ಣಾಗಲಿ.

ಈ ಬೆಳೆಯಲ್ಲಿ ಕಾಯಿ ಕಚ್ಚುವುದು ಕಡಿಮೆಯಾದರೆ ಹನ್ನೆರಡು ಸಾಲಿಗೂ ಬೇರೆ ಮೇಸ್ತ್ರಿ ಇಡುತ್ತಾರೆ ಎಂದು ಮಾತು ಹಬ್ಬಿದೆ. ಇಡಲಿ ನೋಡೋಣ. ಮೇಸ್ತ್ರಿಯ ಸೀಟಿ ಇನ್ನೂ ನನ್ನ ಕೊರಳಲ್ಲಿದೆ.

ಅಕ್ಕ

ಜೂನ್ 20

ಅಕ್ಕಾ,

ದೊಡ್ಡದಾಗಿ ಬರೆಯುತ್ತಿದ್ದೇನೆ, ಕಾಣುತ್ತಿದೆಯಾ?

ನನ್ನ ಉಂಗುರವನ್ನೇ ಕೊಡಬೇಕಿತ್ತಾ? ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಇದ್ದವಲ್ಲ! ಅದರ ಒಳಬದಿಗೆ ನಾನು ಸುತ್ತಿದ್ದ ನೂಲು ಹಾಗೇ ಇದೆಯಾ, ಕಿತ್ತು ಹಾಕಿದಳಾ? ಊಟಕ್ಕೆ ಕೂರುವಾಗ ನಿನ್ನ ಪಕ್ಕ ಕೂರುತ್ತಾಳಾ? ಹಾಗೇ ಸುಮ್ಮನೆ ಕೇಳಿದೆ.

ಮಂಗಳವಾರ ಹೊರಡುವ ವ್ಯಾನಿನಲ್ಲಿ ನಾನೇ ತುಂಬಿದ ಮೊದಲ ಸೀಸೆ ಬರುತ್ತದೆ. ಮೇಲಿನ ಲೇಬಲ್ ನನ್ನ ಕೈಬರಹ, ನೋಡಿದರೆ ನಿನಗೆ ಗೊತ್ತಾಗುತ್ತದೆ. ಸೀಸೆಯ ತಳದಲ್ಲಿ ಹತ್ತಿ, ಅದರ ಕೆಳಗೆ ನೀಲಿ ಹರಳುಗಳಿವೆ, ತೇವ ಹೀರುವುದಕ್ಕೆ. ಆ ದಿನಕ್ಕೆ ಬೇಕಾದಷ್ಟು ಉಂಗುರದ ಬಟ್ಟಲಿಗೆ ಹಾಕಿಕೊಂಡು ಸೀಸೆಯನ್ನು ತಕ್ಷಣ ಫ್ರಿಜ್ಜಿಗೆ ಇಡಬೇಕು. ಯಾಕೆ ಎಂದು ಮೇಡಂ ಹೇಳಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಆದರೆ ಅವರು ಹೇಳಿದ ಇನ್ನೊಂದು ಮಾತು ಕೇಳು. ನಾವು ಪುಡಿ ಪುಡಿ ಅನ್ನುತ್ತೇವಲ್ಲ, ಅದರ ಒಂದೊಂದು ಕಣವೂ ಪ್ರಯಾಣಕ್ಕೆ ಹೊರಟು ನಿಂತ ಜೀವವಂತೆ. ಕಳಿಸುವ ಮೊದಲು ಗಿಡ ಅದಕ್ಕೆ ಬುತ್ತಿ ಕಟ್ಟುತ್ತದೆ. ಮೊಗ್ಗಿನಲ್ಲಿದ್ದಾಗ ಹಿಟ್ಟು ಕೂಡಿಡುತ್ತದೆ. ಹೂ ಅರಳುವ ಹೊತ್ತಿಗೆ ಅದು ಸಕ್ಕರೆಯಾಗಿರುತ್ತದೆ, ಜೊತೆಗೆ ಒಂದಿಷ್ಟು ಜಿಡ್ಡು. ಆಮೇಲೆ ಕಣ ಒಣಗಿ ನಿದ್ದೆ ಹೋಗುತ್ತದೆ. ನಾವು ಹೆಣ್ಣು ಹೂವಿನ ಅಂಟು ತುದಿಗೆ ಮುಟ್ಟಿಸಿದ ಕೂಡಲೇ ನೀರು ಕುಡಿದು ಉಬ್ಬುತ್ತದೆ. ಪಕ್ಕದಲ್ಲಿ ಒಂದು ಕಿಂಡಿ ತೆರೆದು ನೂಲಿಗಿಂತ ತೆಳುವಾದ ಕೊಳವೆ ಚಾಚುತ್ತದೆ. ಆ ಕೊಳವೆ ಹೂವಿನ ಕತ್ತಿನೊಳಗೆ ಇಳಿದು ಇಳಿದು ಬೀಜದ ಮನೆ ಮುಟ್ಟಬೇಕು. ಸ್ವಲ್ಪ ದೂರ ಹೋದ ಮೇಲೆ ಹೂವೇ ಅದಕ್ಕೆ ಉಣಿಸುತ್ತದೆ. ಅಲ್ಲಿಯವರೆಗೆ ತನ್ನ ಬುತ್ತಿಯೇ ಗತಿ. "ಬುತ್ತಿ ಇಲ್ದೆ ಹೊರಟಿದ್ದು ಬಾಗಿಲೇ ದಾಟಲ್ಲ ಕಣಮ್ಮಾ" ಅಂದರು ಮೇಡಂ.

ಬಸ್ಸಿನಲ್ಲಿ ನಾನು ಖಾಲಿ ಮಾಡಿದ ಡಬ್ಬಿ ನೆನಪಾಯಿತು.

ನಿನ್ನ ತಂಗಿ

ಜುಲೈ 2

ತಂಗೀ,

ಸೀಸೆ ಬಂತು. ಎರಡನೆಯದೂ ಬಂತು. ಬೇರೆ ಯಾರಿಗೂ ಸಿಗದ ಕಡೆ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನೀನು ಕಳಿಸಿದ್ದು ನನ್ನಿಂದ ಒಂದು ಗೇಣೂ ದೂರ ಹೋಗುವುದಿಲ್ಲ, ಆ ಚಿಂತೆ ಬೇಡ.

ಈ ಸಲ ದಿನಕ್ಕೊಂದು ಬಣ್ಣದ ದಾರ ಕಟ್ಟಿಸುತ್ತಿದ್ದೇನೆ. ಮಂಗಳವಾರ ಮುಟ್ಟಿಸಿದ ಹೂವಿಗೆ ಕೆಂಪು, ಬುಧವಾರಕ್ಕೆ ಬಿಳಿ, ಗುರುವಾರಕ್ಕೆ ಹಳದಿ, ಶುಕ್ರವಾರಕ್ಕೆ ನೀಲಿ. ಯಾವ ದಿನದ ಕೆಲಸ ಯಾರದ್ದು ಎಂದು ಆಮೇಲೆ ಜಗಳ ಬೇಡ. ಇದು ನನ್ನ ತಲೆಯಲ್ಲೇ ಹುಟ್ಟಿದ್ದು. ಮೈಕ್ರೋಸ್ಕೋಪು ಇಲ್ಲದಿದ್ದರೂ ನಮಗೂ ಒಂದಿಷ್ಟು ಬುದ್ಧಿ ಇದೆ.

ಮೊಣಕಾಲು ನೋವು ಮೊದಲಿನ ಹಾಗೇ. ಅದೇ ಮುಲಾಮು ಹಚ್ಚುತ್ತಿದ್ದೇನೆ.

ಅಕ್ಕ

ಜುಲೈ 9

ಅಕ್ಕಾ,

ಈ ಸಲದ ಕಾಗದದಲ್ಲಿ ಗುಂಗುರು ಬಗ್ಗೆ ಒಂದಕ್ಷರವೂ ಇಲ್ಲ. ಬೈಯುವುದನ್ನು ನಿಲ್ಲಿಸಿದ್ದೀಯ ಅಂದರೆ ಸ್ನೇಹವಾಯಿತು ಅಂತಲೇ ಅರ್ಥ. ನನ್ನನ್ನೂ ಮೊದಲ ತಿಂಗಳು ಬೈದು, ಎರಡನೆಯ ತಿಂಗಳಿಂದ ನಿನ್ನ ತಟ್ಟೆಯಿಂದ ಎತ್ತಿ ಹಾಕಲು ಶುರು ಮಾಡಿದವಳು ನೀನು. ಆಗಲಿ. ದಾರದ ಬಣ್ಣ ಆರಿಸುವಾಗ ಅವಳನ್ನೂ ಕೇಳಿದೆಯಾ?

ನಾನಿಲ್ಲಿ ಚೆನ್ನಾಗಿದ್ದೇನೆ. ನನ್ನ ಸೀಸೆಗಳು ನಿಮಗೊಬ್ಬರಿಗೇ ಅಲ್ಲ, ಇನ್ನೊಂದು ದೊಡ್ಡ ಪಾಲಿಹೌಸಿಗೂ ಹೋಗುತ್ತವೆ. ಅಲ್ಲಿ ಹತ್ತಕ್ಕೆ ಒಂಬತ್ತು ಹೂ ಕಾಯಿ ಕಚ್ಚಿವೆಯಂತೆ. "ಈ ಪುಡಿ ಮಾಡಿದ ಕೈ ಯಾರದ್ದು?" ಎಂದು ಅಲ್ಲಿಯ ಮೇಸ್ತ್ರಿ ಕೇಳಿ ಬರೆದಿದ್ದಾರೆ. ಮೇಡಂ ಆ ಚೀಟಿಯನ್ನು ಗೋಡೆಗೆ ಅಂಟಿಸಿದ್ದಾರೆ. ನೀನಂತೂ ಕಾಯಿ ಹೇಗಿದೆ ಎಂದು ಬರೆದೇ ಇಲ್ಲ.

ತಂಗಿ

ಜುಲೈ 22

ತಂಗೀ,

ಕಾಯಿ ಹೇಗಿದೆ ಎಂದು ಕೇಳಿದ್ದೆ. ಹೇಳುತ್ತೇನೆ, ಕೇಳು. ಉದುರುತ್ತಿವೆ. ಬೆಳಿಗ್ಗೆ ಸಾಲಿಗೆ ಹೋದರೆ ದಾರ ಕಟ್ಟಿದ ಹೂಗಳು ದಾರದ ಸಮೇತ ನೆಲದ ಮೇಲೆ ಬಿದ್ದಿರುತ್ತವೆ. ಬಾಗಿ ಬಾಗಿ ಆರಿಸಿ ಮಡಿಲಲ್ಲಿ ಹಾಕಿಕೊಂಡು, ಯಾರೂ ನೋಡದ ಹಾಗೆ ಗೊಬ್ಬರದ ಗುಂಡಿಗೆ ಸುರಿದು ಬಂದೆ. ಎಷ್ಟು ದಿನ ಮುಚ್ಚಿಡಲಿ? ಸೂಪರ್‌ವೈಸರ್ ಬಂದು ಗಿಡ ಗಿಡ ತಿರುವಿ ನೋಡಿದರು. "ಏನಮ್ಮಾ ಮೇಸ್ತ್ರಿ, ಹೂವಿಗೆ ದಾರ ಕಟ್ಟಿ ಶೃಂಗಾರ ಮಾಡ್ತಿದ್ದೀರೋ, ಕ್ರಾಸಿಂಗ್ ಮಾಡ್ತಿದ್ದೀರೋ?" ಅಂದರು. ಎಲ್ಲರೂ ನಕ್ಕರು. ಗುಂಗುರು ಮಾತ್ರ ನಗಲಿಲ್ಲ. ಅದು ನನಗೆ ಇನ್ನೂ ಅವಮಾನವಾಯಿತು.

ಹದಿನೆಂಟು ವರ್ಷದಿಂದ ಮೊಗ್ಗು ಬಿಡಿಸುತ್ತಿದ್ದೇನೆ. ಈ ಕೈ ಒಂದೇ ಬೆಳೆಗೆ ಕೆಟ್ಟು ಹೋಯಿತಾ? ಇಲ್ಲ. ನಿನ್ನ ಕಾಗದ ತೆಗೆದು ಮತ್ತೆ ಓದಿದಾಗ ಅರ್ಥವಾಯಿತು. ಆ ದೊಡ್ಡ ಪಾಲಿಹೌಸಿನವರಿಗೆ ಗಟ್ಟಿ ಪುಡಿ, ನಮಗೆ ಜರಡಿ ಹಿಡಿದು ಉಳಿದ ಹೊಟ್ಟು. ಅವರು ಹೊಗಳಿ ಚೀಟಿ ಬರೆಯುತ್ತಾರೆ, ಗೋಡೆಗೆ ಅಂಟುತ್ತದೆ. ಅಕ್ಕ ಏನು ಬರೆದಾಳು, ಬದನೆಕಾಯಿ ಅಕ್ಷರದಲ್ಲಿ?

ಸೂಪರ್‌ವೈಸರ್ ಕೇಳಿದರು, ಹೇಳಿದೆ. ಅಲ್ಲಿಂದ ಬರುವ ಪುಡಿಯಲ್ಲೇ ಜೀವವಿಲ್ಲ ಎಂದೆ. ತುಂಬುವವಳು ನನ್ನ ತಂಗಿಯಾದರೇನು, ಸುಳ್ಳು ಹೇಳಲಾ?

ಅಕ್ಕ

ಜುಲೈ 29

ಅಕ್ಕನವರಿಗೆ,

ನಿಮ್ಮ ದೂರು ಮೇಡಂ ಮೇಜಿನ ಮೇಲೆ ಬಂದು ಕೂತಿದೆ. ಟೈಪ್ ಮಾಡಿದ ಕಾಗದ, ಕೆಳಗೆ ಮೊಹರು. ನನ್ನನ್ನು ಕರೆದು ಓದಲು ಹೇಳಿದರು. ಓದಿದೆ. ಗೋಡೆಯ ಚೀಟಿಯ ಪಕ್ಕದಲ್ಲೇ ನಿಂತಿದ್ದೆ. "ಏನಮ್ಮಾ ಇದು, ನಿಮ್ಮಕ್ಕನೇ ಹೀಗಂದ್ರೆ ನಾನೇನು ಮಾಡ್ಲಿ?" ಅಂದರು. ಆಗಸ್ಟ್ ಕೊನೆಯೊಳಗೆ ಕಾರಣ ಗೊತ್ತಾಗದಿದ್ದರೆ ನನ್ನನ್ನು ವಾಪಸ್ ಕಳಿಸುತ್ತಾರೆ.

ನಿಮಗೆ ಹೊಟ್ಟು ಕಳಿಸಿಲ್ಲ. ಎರಡು ಕಡೆಯ ಸೀಸೆಯನ್ನೂ ಒಂದೇ ಬಟ್ಟೆಯಿಂದ, ಒಂದೇ ಗಳಿಗೆಯಲ್ಲಿ ತುಂಬುತ್ತೇನೆ. ಮೊದಲು ನಿಮ್ಮದು, ಆಮೇಲೆ ಅವರದು. ಅದೇ ದಿನದ ಒಂದು ಸೀಸೆಯನ್ನು ಇಲ್ಲಿಯ ಫ್ರಿಜ್ಜಿನಲ್ಲೂ ಇಟ್ಟಿರುತ್ತಾರೆ. ಮೇಡಂ ಅದರ ಚಿಟಿಕೆ ಪುಡಿಯನ್ನು ಸಕ್ಕರೆ ನೀರಿನ ಹನಿಯಲ್ಲಿ ಹಾಕಿ ನೋಡಿದರು. ಹತ್ತು ಕಣಕ್ಕೆ ಎಂಟು ಮೊಳೆತಿವೆ.

ಹಾಗಾದರೆ ಕೆಡುತ್ತಿರುವುದು ಅಲ್ಲಿಗೆ ಬಂದ ಮೇಲೆ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರನ್ನು ಕೇಳಬೇಕಲ್ಲವೇ? ನನ್ನ ಉಂಗುರ ಹಾಕಿಕೊಂಡವಳು ಫ್ರಿಜ್ಜಿನ ಬಾಗಿಲು ತೆರೆದೇ ಬಿಡುತ್ತಾಳೋ ಏನೋ. ಅವಳನ್ನು ಬಿಟ್ಟುಕೊಡಲು ನಿಮಗೆ ಮನಸ್ಸಿಲ್ಲ, ತಂಗಿಯನ್ನು ಬಿಟ್ಟುಕೊಡುವುದು ಸುಲಭ.

ಸೀಸೆಯನ್ನು ಎಲ್ಲಿ ಇಡುತ್ತೀರಿ? ಯಾವ ಬಣ್ಣದ ದಾರದ ಹೂ ಉದುರಿವೆ, ಯಾವುದು ನಿಂತಿವೆ? ಉಳಿದ ಪುಡಿಯ ಸಮೇತ ಒಂದು ಸೀಸೆಯನ್ನು ವ್ಯಾನಿನಲ್ಲಿ ವಾಪಸ್ ಕಳಿಸಬೇಕೆಂದು ಮೇಡಂ ಹೇಳಿದ್ದಾರೆ.

ತಂಗಿ

ಆಗಸ್ಟ್ 5

ತಂಗೀ,

'ಅಕ್ಕನವರಿಗೆ' ಅಂತೆ. 'ನೀವು' ಅಂತೆ. ನಿನ್ನ ತಲೆ ಬಾಚಿ ಹೇನು ತೆಗೆದವಳು ನಾನು.

ಕೆಂಪು ಬಹುಪಾಲು ನಿಂತಿವೆ. ಬಿಳಿ ಅರ್ಧಕ್ಕರ್ಧ. ಹಳದಿ ಅಲ್ಲೊಂದು ಇಲ್ಲೊಂದು. ನೀಲಿ ಒಂದೂ ಇಲ್ಲ.

ಸೀಸೆ ಕಳಿಸಿದ್ದೇನೆ. ಎಲ್ಲಿ ಇಡುತ್ತೇನೆಂದು ಕೇಳಲು ನೀನು ಯಾವ ಊರಿನ ಸಾಹೇಬಳು? ಗುಂಗುರು ಫ್ರಿಜ್ಜಿನ ಬಾಗಿಲು ಸರಿಯಾಗೇ ಹಾಕುತ್ತಾಳೆ.

ಅಕ್ಕ

ಆಗಸ್ಟ್ 12

ಅಕ್ಕಾ,

ಮತ್ತೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಪೂರ್ತಿ ಓದು.

ಸೀಸೆ ಬಂತು. ಡಬ್ಬಿ ಬಿಚ್ಚಿದ ಕೂಡಲೇ ನಿನ್ನ ಮೊಣಕಾಲಿನ ಮುಲಾಮಿನ ವಾಸನೆ ಬಂತು. ಒಂದು ಗಳಿಗೆ ನೀನೇ ಬಾಗಿಲಲ್ಲಿ ನಿಂತಿದ್ದೀಯ ಅನಿಸಿತು. ಲೇಬಲ್ಲಿನ ಮೇಲೆ ನನ್ನ ಅಕ್ಷರ ಬೆವರಿಗೆ ಕರಗಿ ಹರಡಿತ್ತು. ಒಳಗಿನ ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ತೇವ ಹೀರಿ ಹೀರಿ ಅವಕ್ಕೆ ಇನ್ನು ಸಾಕಾಗಿದೆ ಎಂದು ಅದರ ಅರ್ಥ. ಅಕ್ಕಾ, ಇದು ಫ್ರಿಜ್ಜಿನಲ್ಲಿ ಇರಲಿಲ್ಲ. ರವಿಕೆಯೊಳಗೆ ಇತ್ತು. ನಿನ್ನ ಕಾಗದದಲ್ಲಿ 'ಒಂದು ಗೇಣೂ ದೂರ ಹೋಗುವುದಿಲ್ಲ' ಎಂದು ನೀನೇ ಬರೆದಿದ್ದೆ. ನಾನು ಸರಿಯಾಗಿ ಓದಲಿಲ್ಲ.

ಮೇಡಂ ಆ ಪುಡಿಯನ್ನು ಹನಿಯಲ್ಲಿ ಹಾಕಿ, "ಬಾ, ನೀನೇ ನೋಡು" ಅಂದರು. ಈಗ ಒಂದು ನಿಜ ಹೇಳುತ್ತೇನೆ. ನಾನು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಿದ್ದು ಅದೇ ಮೊದಲು. ಇಷ್ಟು ದಿನ ಹೂ ಬಿಡಿಸುವುದು, ಪುಡಿ ಜರಡಿ ಹಿಡಿಯುವುದು, ಗಾಜಿನ ಪಟ್ಟಿ ತೊಳೆಯುವುದು, ಅಷ್ಟೇ ನನ್ನ ಕೆಲಸ. ದಿನಾ ನೋಡುತ್ತೇನೆಂದು ಬರೆದದ್ದು ನಿನಗೆ ಹೊಟ್ಟೆ ಉರಿಯಲಿ ಎಂದು.

ಮೊದಲು ಇಲ್ಲಿಯ ಸೀಸೆಯದನ್ನು ತೋರಿಸಿದರು. ಒಂದೊಂದು ಕಣವೂ ಬಾಲ ಬಂದ ಹಾಗೆ ಕೊಳವೆ ಚಾಚಿಕೊಂಡು, ಒಂದರ ಮೇಲೊಂದು ಹಾಯ್ದು, ಎಲ್ಲೋ ಹೋಗುವ ಅವಸರದಲ್ಲಿದ್ದವು. ಆಮೇಲೆ ನಿನ್ನದು. ಕಣಗಳು ಉಬ್ಬಿದ್ದವು, ಅಷ್ಟೇ. ಒಂದೆರಡು ಕಿಂಡಿಯವರೆಗೆ ಬಂದು ಒಂದು ಸಣ್ಣ ಉಬ್ಬಿನಷ್ಟು ಹೊರಗೆ ಇಣುಕಿ ನಿಂತುಬಿಟ್ಟಿದ್ದವು. ಎಷ್ಟೋ ಹೊತ್ತು ಕಾದೆವು, ಮುಂದೆ ಬರಲಿಲ್ಲ.

ಈ ಸಲ ಬಾಯಿ ಬಿಟ್ಟು ಯಾಕೆ ಎಂದು ಕೇಳಿದೆ. ಮೇಡಂ ಹೇಳಿದರು. ತಣ್ಣಗೆ, ಒಣಗಿ ಇದ್ದರೆ ಕಣ ನಿದ್ದೆಯಲ್ಲಿರುತ್ತದೆ, ಬುತ್ತಿ ಹಾಗೇ ಉಳಿಯುತ್ತದೆ. ಬಿಸಿಯೂ ತೇವವೂ ತಾಗಿದರೆ ಅರೆ ಎಚ್ಚರವಾಗಿ ಉಸಿರಾಡಲು ಶುರು ಮಾಡುತ್ತದೆ. ಉಸಿರಾಡಿದಷ್ಟೂ ಸಕ್ಕರೆ ಸುಡುತ್ತದೆ. ಎಲ್ಲಿಗೂ ಹೊರಡದೆ ಸೀಸೆಯಲ್ಲೇ ಕೂತು ದಾರಿಯ ಬುತ್ತಿಯನ್ನೆಲ್ಲ ತಿಂದು ಮುಗಿಸುತ್ತದೆ. ಹೂವಿನ ಮೇಲೆ ಇಟ್ಟಾಗ ಕೈಯಲ್ಲಿ ಏನೂ ಇರುವುದಿಲ್ಲ. ಮಂಗಳವಾರ ಇನ್ನೂ ಬುತ್ತಿ ಇತ್ತು, ಅದಕ್ಕೇ ಕೆಂಪು ದಾರ ನಿಂತಿತು. ಶುಕ್ರವಾರಕ್ಕೆ ಮುಗಿದಿತ್ತು.

ನೀನು ಯಾಕೆ ಹಾಗೆ ಮಾಡಿದೆ ಎಂದು ನನಗೆ ಗೊತ್ತು. ಏಳು ವರ್ಷ ನಿನ್ನ ಸೊಂಟದಲ್ಲಿದ್ದ ಬೀಗದ ಕೈಗೆ, ದಿನಾ ಬೆಳಿಗ್ಗೆ ಹೊಸಬಳ ಮುಂದೆ ಕೈ ಒಡ್ಡಬೇಕಿತ್ತು. ಅದು ಅವಳ ಕೈಗೆ ಹೋದದ್ದು ಯಾಕೆ ಎಂದೂ ನನಗೆ ಗೊತ್ತು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯುವ ಧೈರ್ಯ ಇವತ್ತೂ ಬರುತ್ತಿಲ್ಲ.

ಮುಲಾಮಿನ ವಾಸನೆ ನಿನ್ನದೆಂದು ಮೇಡಂಗೆ ಹೇಳಲಿಲ್ಲ. ಆ ವಾರಗಳಲ್ಲಿ ಪುಡಿ ಸರಿಯಾಗಿ ಒಣಗಿಸದೆ ನಾನೇ ತುಂಬಿ ಕಳಿಸಿದೆ, ಇಲ್ಲಿಯ ಸೀಸೆಗೂ ಆ ದೊಡ್ಡ ಪಾಲಿಹೌಸಿನದಕ್ಕೂ ಮಾತ್ರ ಒಣಗಿದ್ದು ಹಾಕಿದ್ದೆ ಎಂದೆ. "ಹಾಗಾದ್ರೆ ತಿಂಗಳ ಕೊನೆಗೆ ಹೊರಡಮ್ಮಾ" ಅಂದರು. ನಂಬಿದರೋ ಇಲ್ಲವೋ. ಆಗಸ್ಟ್ ಮೂವತ್ತೊಂದರ ಬಸ್ಸಿಗೆ ಬರುತ್ತೇನೆ. ನೀನು ಮೇಸ್ತ್ರಿಯಾಗಿಯೇ ಇರು. ಇನ್ನುಳಿದ ಸೀಸೆಗಳನ್ನು ಮಾತ್ರ ಫ್ರಿಜ್ಜಿಗೆ ಇಡು ಅಕ್ಕಾ. ಬೀಗದ ಕೈ ಕೇಳು.

ನಿನ್ನ ತಂಗಿ

ಆಗಸ್ಟ್ 26

ತಂಗೀ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಪೆನ್ನು ಹಿಡಿದು ಕೂತರೆ ಬರೀ ಬೈಗುಳ ಬರುತ್ತಿತ್ತು. ಈಗಲೂ ಬರುತ್ತಿದೆ, ಆದರೆ ಮಧ್ಯೆ ಮಧ್ಯೆ ಬೇರೆ ಮಾತೂ ಬರುತ್ತಿದೆ.

ನಿನ್ನ ಕಾಗದ ಓದಿದ ದಿನ ಸಾಲಿನಲ್ಲಿ ಕೂತು ದಾರ ಕಟ್ಟುತ್ತಿದ್ದೆ. ಗಂಟೇ ಬೀಳುತ್ತಿರಲಿಲ್ಲ. ಗುಂಗುರು ಬಂದು ನನ್ನ ಕೈಯಿಂದ ದಾರ ತೆಗೆದುಕೊಂಡು ಗಂಟು ಹಾಕಿದಳು. "ಅಕ್ಕಾ, ಬೈಯೋದಿದ್ರೆ ಬೈದುಬಿಡಿ. ನಮ್ಮಮ್ಮನೂ ನಿಮ್ಮ ಹಾಗೇ ಕೈ ಚಾಚಿ ಚಾಚಿ ಓದ್ತಿದ್ರು. ಕನ್ನಡಕ ಹಾಕಿದ ಮೇಲೆ ನಮ್ಮ ತಪ್ಪೆಲ್ಲ ಒಂದೊಂದಾಗಿ ಕಂಡುಹಿಡಿಯೋಕೆ ಶುರು ಮಾಡಿದ್ರು" ಅಂದಳು. ನಗು ಬಂತು, ಸಿಟ್ಟೂ ಬಂತು. ಶನಿವಾರ ಕೆಲಸ ಬಿಟ್ಟ ಮೇಲೆ ಅವಳೇ ನನ್ನನ್ನು ಬಸ್ ನಿಲ್ದಾಣದ ಹತ್ತಿರದ ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದಳು. ಗಾಜು ಹಾಕಿ ಕನ್ನಡಿ ನೋಡಿದರೆ ಮುಖದಲ್ಲಿ ಇಷ್ಟೊಂದು ಸುಕ್ಕು! ಇದು ಯಾವಾಗ ಬಂತು ಎಂದು ಅಂಗಡಿಯವನನ್ನೇ ಕೇಳಿದೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದ್ದು. ಜೂನ್ ನಾಲ್ಕರದ್ದರಿಂದ ಶುರು ಮಾಡಿದೆ. ಅಂಚಿನಲ್ಲಿ ನೀನು ಪೆನ್ನು ಬರುತ್ತದೋ ಎಂದು ನೋಡಿದ ಗೀಚು ಇತ್ತಲ್ಲ. ಅದು ಗೀಚಲ್ಲ.

ಮೂರು ದಿನ ನಿನ್ನ ಮಾತೇ ಎತ್ತಲಿಲ್ಲ. ನಿನ್ನ ಮಂಚದ ಕಡೆಗೂ ನೋಡಲಿಲ್ಲ. ಹುಣ್ಣಾಗಲಿ ಎಂದು ನಾನು ಶಾಪ ಹಾಕಿದ ನಾಲಿಗೆ ನಿನ್ನದೇ ಆಗಿತ್ತಾ? ನನ್ನ ಮಾತು ನಿನ್ನ ಹತ್ತಿರ ಹೇಳಿದರೆ ಗೋಡೆಗೆ ಹೇಳಿದ ಹಾಗೆ ಎಂದುಕೊಂಡಿದ್ದೆ. ಮೇಡಂ ಕರೆದಿದ್ದು ನನ್ನನ್ನು. ನನ್ನನ್ನು! ಆ ಮೆಟ್ಟಿಲ ಕೆಳಗಿನ ಕೋಣೆ ನನ್ನದಾಗಬೇಕಿತ್ತು, ಆ ನೀರಿನ ಪೈಪು ನಾನು ನೋಡಬೇಕಿತ್ತು. ನೀನು ಕೇಳಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆ ಎಂದು ಬರೆಯಲು ಹೊರಟೆ. ಆದರೆ ಕನ್ನಡಕ ಹಾಕಿಕೊಂಡು ಸುಳ್ಳು ಬರೆಯುವುದು ಕಷ್ಟ. ಬಿಟ್ಟುಕೊಡುತ್ತಿರಲಿಲ್ಲ.

ನಾಲ್ಕನೆಯ ದಿನ ಉಳಿದಿದ್ದ ಸೀಸೆಯನ್ನು ರವಿಕೆಯಿಂದ ತೆಗೆದೆ. ನಿನ್ನ ಕಾಗದ ಬಂದ ಮೇಲೂ ಅದು ಅಲ್ಲೇ ಇತ್ತು, ಗೊತ್ತಾ? ಬೀಗದ ಕೈ ಕೇಳಲು ಬಾಯಿ ಬರಲಿಲ್ಲ. ನಿನ್ನ ಸ್ವಭಾವ ನನಗೂ ಸ್ವಲ್ಪ ಇದೆ. ಹಗಲು ರವಿಕೆಯಲ್ಲಿ, ಮಲಗುವಾಗ ದಿಂಬಿನ ಕೆಳಗೆ. ನೀನು ತುಂಬಿದ್ದು, ಲೇಬಲ್ಲಿನಲ್ಲಿ ನಿನ್ನ ಕೈಬರಹ. ಅದಾದರೂ ನನ್ನ ಹತ್ತಿರ ಇರಲಿ, ಅವಳ ಕೈಗೆ ಹೋಗದಿರಲಿ ಎಂದುಕೊಂಡೆ. ಅಷ್ಟು ಜೋಪಾನ ಮಾಡಿ ಅಷ್ಟನ್ನೂ ಕೊಂದೆ.

ಸೂಪರ್‌ವೈಸರ್ ಹಾಜರಿ ಕೂಗುವಾಗ ಎಲ್ಲರೆದುರು ಹೇಳಿದೆ. "ಸಾರ್, ಪುಡಿ ಕೆಡಿಸಿದ್ದು ನಾನು. ಫ್ರಿಜ್ಜಿಗೆ ಇಡಲಿಲ್ಲ, ಮೈಮೇಲೆ ಇಟ್ಟುಕೊಂಡಿದ್ದೆ." ಅವರು ಹಾಜರಿ ಪುಸ್ತಕ ಮುಚ್ಚಿದರು. "ಯಾಕಮ್ಮಾ?" ಅಂದರು. "ಹೊಟ್ಟೆಕಿಚ್ಚಿಗೆ ಸಾರ್" ಎಂದೆ. ಬೇರೆ ಕಾರಣ ಹೇಳಬಹುದಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಯಾರೂ ನಗಲಿಲ್ಲ. ಅವರು ಏನು ಹೇಳುತ್ತಾರೆಂದು ಕಾಯದೆ ಸೀಟಿ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಮಾರನೆಯ ದಿನ ಅದನ್ನು ಗುಂಗುರುವಿಗೆ ಕೊಟ್ಟರು. ಅವಳು ಊದಿದರೆ ನೆಗಡಿಯಾದವರು ಮೂಗು ಸೀಟಿದ ಹಾಗಿರುತ್ತದೆ. ಮೂರನೆಯ ಸಾಲಿನವರೆಗೂ ಕೇಳುವುದಿಲ್ಲ. ನಾನು ಕಲಿಸುವುದಿಲ್ಲ. ಒಂದು ವಾರ ಕಲಿಸುವುದಿಲ್ಲ.

ನಾನೀಗ ಆರನೆಯ ಸಾಲಿನಲ್ಲಿ ಮೊಗ್ಗು ಬಿಡಿಸುತ್ತೇನೆ. ಕನ್ನಡಕ ಹಾಕಿಕೊಂಡು ಬಿಡಿಸಿದರೆ ಹೂವಿನ ಅಂಟು ತುದಿ ಪಳಪಳ ಹೊಳೆಯುವುದು ಕಾಣುತ್ತದೆ. ಹದಿನೆಂಟು ವರ್ಷದ ಕೆಲಸದಲ್ಲಿ ಎಷ್ಟು ವರ್ಷ ಅದನ್ನು ಬರೀ ಅಂದಾಜಿನ ಮೇಲೆ ಮುಟ್ಟಿದೆನೋ. ಹೊಸ ಸೀಸೆ ಫ್ರಿಜ್ಜಿನಲ್ಲಿದೆ. ಬೆಳಿಗ್ಗೆ ಹೋಗಿ, "ಬೀಗ ತೆಗಿಯಮ್ಮಾ" ಅನ್ನುತ್ತೇನೆ. ಮೊದಲ ದಿನ ಗಂಟಲಲ್ಲಿ ಕಡ್ಡಿ ಸಿಕ್ಕಿಕೊಂಡ ಹಾಗಾಯಿತು. ಈಗ ಅರ್ಧ ಕಡ್ಡಿ. ಕಳೆದ ವಾರದ ನೀಲಿ ದಾರದ ಹೂಗಳು ಇನ್ನೂ ಗಿಡದ ಮೇಲೇ ಇವೆ.

ಸೂಪರ್‌ವೈಸರ್ ನಿಮ್ಮ ಮೇಡಂಗೆ ನಿನ್ನೆಯೇ ಬರೆದು ಕಳಿಸಿದ್ದಾರೆ, ತಪ್ಪು ಅಲ್ಲಿಯದ್ದಲ್ಲ, ಇಲ್ಲಿಯದ್ದು ಎಂದು. ಮೂವತ್ತೊಂದರ ಬಸ್ಸು ಹತ್ತಬೇಡ. ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ನನ್ನ ಮುಂದೆ ದೊಡ್ಡವಳಾಗುವ ಕೆಲಸವೂ ಬೇಡ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ. ಕ್ಷಮಿಸಿದೆ ಎಂದು ಬರೆಯುವುದಿಲ್ಲ, ಇನ್ನೂ ಅಲ್ಲಿಗೆ ಬಂದಿಲ್ಲ. ನಿನ್ನ ಮಂಚದ ಮೇಲೆ ಯಾರೂ ಮಲಗಿಲ್ಲ, ಅಷ್ಟು ತಿಳಿದುಕೋ. ಉಂಗುರದ ಒಳಗಿನ ನೂಲು ಹಾಗೇ ಇದೆಯಂತೆ. ಗುಂಗುರು ಕಿತ್ತಿಲ್ಲ. ಅವಳಿಗೆ ಅದಿಲ್ಲದಿದ್ದರೆ ಸಡಿಲವಂತೆ.

ಸೀಸೆ ತರುವ ವ್ಯಾನು ವಾಪಸ್ ಹೋಗುವಾಗ ಮುಂದಿನ ಸೀಟು ಖಾಲಿ ಇರುತ್ತದೆಂದು ಡ್ರೈವರ್ ಹೇಳಿದ. ಬೆಳೆ ಮುಗಿದ ಮೇಲೆ ಒಂದು ಮಂಗಳವಾರ ಹತ್ತಿ ಕೂರುತ್ತೇನೆ. ಡಬ್ಬಿ ಕಟ್ಟಿಕೊಂಡೇ ಬರುತ್ತೇನೆ, ಅರ್ಧ ದಾರಿಯಲ್ಲಿ ಮುಗಿಸುವುದಿಲ್ಲ. ಬಂದ ಕೂಡಲೇ ಆ ಮೈಕ್ರೋಸ್ಕೋಪಿನ ಮುಂದೆ ಕೂರುವುದು ನಾನು. ಕೊಳವೆ ಚಾಚುವುದನ್ನು ನನ್ನ ಕಣ್ಣಿಂದ ಮೊದಲಿಂದ ಕೊನೆಯವರೆಗೂ ನೋಡಬೇಕು. ನೀನು ಪಕ್ಕದಲ್ಲಿ ನಿಂತಿರು. 'ನನಗೂ ಸ್ವಲ್ಪ' ಎಂದು ಕೇಳಬೇಡ.

ಇನ್ನು ಮೇಲೆ ಹೇಳುವುದು ಏನಿದ್ದರೂ ಅಂಚಿನಲ್ಲಿ ಬರೆಯಬೇಡ, ಕಾಗದದ ನಡುವೆ ಬರೆ. ಅಕ್ಷರ ಎಷ್ಟು ಸಣ್ಣದಾದರೂ ಪರವಾಗಿಲ್ಲ. ಈಗ ಕಾಣುತ್ತದೆ.

ಅಕ್ಕ